ಹೊಸ ಲಾನ್ ಬೋಳಾದರೆ ಮೊದಲು ಎತ್ತಿ ನೋಡಿ

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಲಾನ್ ಹಾಸಿ ಕೆಲವು ವಾರ ಆಗಿದೆ. ಸುತ್ತ ಹಸಿರು, ನಡುವೆ ಅಲ್ಲಲ್ಲಿ ಬೋಳು. ಆಗ ಬಹಳ ಜನ ಒಂದು ಹಿಡಿ ಯೂರಿಯಾ ಎರಚುತ್ತಾರೆ, ಇಲ್ಲವೇ ನೀರು ಜಾಸ್ತಿ ಬಿಡುತ್ತಾರೆ. ದಯವಿಟ್ಟು ಎರಡನ್ನೂ ಸ್ವಲ್ಪ ತಡೆಯಿರಿ. ಬೋಳು ಮೇಲೆ ಕಾಣುತ್ತದೆ, ಕಾರಣ ಹೆಚ್ಚಾಗಿ ಹುಲ್ಲಿನ ಅಡಿಯಲ್ಲಿರುತ್ತದೆ. ಅದನ್ನು ನೋಡದೆ ತೇಪೆ ಹಾಕಿದರೆ ಅದೇ ಜಾಗ ಮತ್ತೆ ಒಣಗುತ್ತದೆ.

ಮೊದಲು ಹುಲ್ಲು ನಿಜವಾಗಿಯೂ ಸತ್ತಿದೆಯಾ ಅಂತ ನೋಡಿ. ಸುರುಳಿ ಸುತ್ತಿ ತಂದ ಹುಲ್ಲು ಬಿಸಿಲಿನ ದಿನಗಳಲ್ಲಿ ಒಳಗೊಳಗೇ ಕಾವೇರುತ್ತದೆ. ಒಂದು ದಿನ ಹಾಗೇ ಬಿಟ್ಟರೂ ಎಲೆ ಹಳದಿಯಾಗಬಹುದು. ನಾಲ್ಕು ಎಲೆ ಸರಿಸಿ ಬುಡ ನೋಡಿ. ಬುಡ ಬಿಳಿಯಾಗಿ, ಗಟ್ಟಿಯಾಗಿದ್ದರೆ ಜೀವ ಇದೆ. ಎರಡು ಮೂರು ವಾರ ಕಾಯಿರಿ, ಹೊಸ ಎಲೆ ಬರುತ್ತದೆ. ಬುಡವೂ ಕಂದಾಗಿ, ಮುಟ್ಟಿದರೆ ಪುಡಿಯಾದರೆ ಮಾತ್ರ ಸತ್ತಿದೆ ಎನ್ನಿ.

ಇನ್ನು ಬೋಳಿನ ಆಕಾರ. ಇದನ್ನು ಸುಮ್ನೆ ನಿಂತು ನೋಡಿದರೂ ಅರ್ಧ ಉತ್ತರ ಸಿಗುತ್ತದೆ. ಎರಡು ತುಂಡು ಸೇರುವ ಅಂಚಿನಲ್ಲಿ ಉದ್ದಕ್ಕೆ ಒಣಗಿದ್ದರೆ, ಅಲ್ಲಿ ಸಂದು ಬಿಟ್ಟಿದೆ, ಗಾಳಿ ಹೊಕ್ಕು ಅಂಚು ಒಣಗಿದೆ. ಪಟ್ಟಿ ಪಟ್ಟಿಯಾಗಿ ಸುಟ್ಟಿದ್ದರೆ ಗೊಬ್ಬರ ಒಂದೇ ಕಡೆ ಜಾಸ್ತಿ ಬಿದ್ದಿದೆ. ನಡುವೆ ಸತ್ತು, ಸುತ್ತ ಕಡು ಹಸಿರಿನ ಉಂಗುರ ಇದ್ದರೆ ಅದು ನಾಯಿ ಮೂತ್ರ. ಅದರ ಸಾರಜನಕ ನಡುವೆ ಹೆಚ್ಚಾಗಿ ಸುಡುತ್ತದೆ, ಅಂಚಿನಲ್ಲಿ ತೆಳುವಾಗಿ ಗೊಬ್ಬರವಾಗುತ್ತದೆ. ಗೊಬ್ಬರದಿಂದ ಸುಟ್ಟಿದ್ದರೂ ಮೂತ್ರದಿಂದ ಸುಟ್ಟಿದ್ದರೂ ಆ ಜಾಗವನ್ನು ಚೆನ್ನಾಗಿ ನೀರು ಹಾಯಿಸಿ ತೊಳೆಯಬೇಕು. ಆಮೇಲೇ ತೇಪೆ.

ಆಕಾರದಿಂದ ಏನೂ ತಿಳಿಯದಿದ್ದರೆ ಅಂಚು ಹಿಡಿದು ಮೆಲ್ಲಗೆ ಎತ್ತಿ. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಹಳೆಯ ಲಾನ್ ಚಾಪೆಯಂತೆ ಎದ್ದು ಬಂದರೆ ಗೊಣ್ಣೆ ಹುಳು ಬೇರು ತಿಂದಿದೆ ಎಂದು ಅನುಮಾನಿಸುತ್ತೇವೆ, ಸರಿಯೇ. ಹೊಸ ಲಾನ್ ಹೇಗೂ ಎದ್ದು ಬರುತ್ತದೆ, ಬೇರು ಇನ್ನೂ ನೆಲ ಹಿಡಿದಿರುವುದಿಲ್ಲ. ಹಾಗಾಗಿ ಎದ್ದು ಬಂತು ಅಂತ ಹುಳದ ಔಷಧಿ ಸುರಿಯಬೇಡಿ. ಕೆಳಗಿನ ಮಣ್ಣನ್ನು ಕೆದಕಿ ನೋಡಿ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿರುವ, ಕಂದು ತಲೆಯ ಬಿಳಿ ಹುಳುಗಳು ಕಂಡರೆ ಮಾತ್ರ ಆ ದಾರಿ. ಚದರ ಅಡಿಗೆ ಒಂದೆರಡು ಇದ್ದರೆ ಗಾಬರಿ ಬೇಡ.

ಹುಳು ಇಲ್ಲವೇ? ಹಾಗಾದರೆ ಮಣ್ಣು ಮುಟ್ಟಿ. ಮೇಲೆ ಒದ್ದೆ, ಕೆಳಗೆ ಪುಡಿ ಮಣ್ಣು ಇದ್ದರೆ ನೀರು ಇಳಿದೇ ಇಲ್ಲ. ಕೊಳೆತ ವಾಸನೆ, ಲೋಳೆ, ಕಪ್ಪಾದ ಬೇರು ಇದ್ದರೆ ನೀರು ಜಾಸ್ತಿಯಾಗಿದೆ. ಹುಲ್ಲಿಗೂ ಮಣ್ಣಿಗೂ ನಡುವೆ ಪೊಳ್ಳು ಇದ್ದರೆ ಬೇರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈ ಪೊಳ್ಳೇ ಹೊಸ ಲಾನಿನ ದೊಡ್ಡ ಶತ್ರು ಎನ್ನುವುದು ನನ್ನ ಅಭಿಪ್ರಾಯ. ಹಾಸಿದ ದಿನ ರೋಲರ್ ಎಳೆದಿದ್ದರೆ, ಇಲ್ಲವೇ ಹಲಗೆ ಇಟ್ಟು ತುಳಿದಿದ್ದರೆ ತಪ್ಪುವ ತೊಂದರೆ ಇದು.

ಆಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಮಣ್ಣಿಗೆ ಚುಚ್ಚಿ. ಚೆನ್ನಾಗಿರುವ ಜಾಗದಲ್ಲಿ ಸಲೀಸಾಗಿ ಇಳಿದು, ಬೋಳು ಜಾಗದಲ್ಲಿ ತಡೆದರೆ ಅಲ್ಲಿ ಅಗೆಯಲೇಬೇಕು. ಹೊಸ ಕಟ್ಟಡದ ಸುತ್ತ ಆದರಂತೂ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಜಲ್ಲಿ ಸಿಗುವುದು ಮಾಮೂಲು. ಅವುಗಳ ಮೇಲೆ ಮಣ್ಣು ತೆಳುವಾಗಿರುತ್ತದೆ, ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡುತ್ತದೆ. ಎಷ್ಟು ನೀರು ಹಾಕಿದರೂ ಆ ಜಾಗ ಸುಧಾರಿಸದು.

ಕಾರಣ ಸಿಕ್ಕಿತು, ಈಗ ರಿಪೇರಿ. ಸತ್ತ ಭಾಗದ ಸುತ್ತ ಒಂದೆರಡು ಇಂಚು ಹಸಿರನ್ನೂ ಸೇರಿಸಿ ಚೌಕವಾಗಿ ಕತ್ತರಿಸಿ ತೆಗೆಯಿರಿ. ಕೆಳಗೆ 10ರಿಂದ 15 ಸೆಂಟಿಮೀಟರ್ ಆಳ ಮಣ್ಣು ಸಡಿಲಿಸಿ, ಕಲ್ಲು ಆರಿಸಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಹಸಿ ಗೊಬ್ಬರ ಬೇಡ, ಎಳೆ ಬೇರು ಸುಡುತ್ತದೆ. ಕಾಲಿನಿಂದ ಹದವಾಗಿ ಒತ್ತಿ, ಮಟ್ಟ ಮಾಡಿ, ನೀರು ಚಿಮುಕಿಸಿ. ಅದೇ ತಳಿಯ ತುಂಡನ್ನು ಬಿಗಿಯಾಗಿ ಕೂರಿಸಿ. ಬೇರೆ ತಳಿ ಹಾಕಿದರೆ ಬಣ್ಣದಲ್ಲೇ ಎದ್ದು ಕಾಣುತ್ತದೆ, ಅಲ್ವಾ? ಸಂದುಗಳಿಗೆ ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣು ತುಂಬಿ.

ಬೀಜ ಬಿತ್ತುವುದಾದರೆ ಅರ್ಧ ಸೆಂಟಿಮೀಟರ್‌ಗಿಂತ ಆಳ ಬೇಡ. ಬಿತ್ತಿದ ಮೇಲೆ ಮಣ್ಣನ್ನು ಮೆಲ್ಲಗೆ ಒತ್ತಿ. ಮೊಳಕೆ ಬರುವ ತನಕ ಮೇಲ್ಮಣ್ಣು ಒಣಗಬಾರದು, ಹಾಗಂತ ನೀರು ನಿಲ್ಲಲೂಬಾರದು. ದಿನಕ್ಕೆ ಎರಡು ಮೂರು ಸಲ ತುಂತುರು ಸಾಕು. ಅಂಗೈ ಅಗಲದ ಬೋಳಿಗೆ, ಅದೂ ಗರಿಕೆಯಂಥ ಹಬ್ಬುವ ಹುಲ್ಲಾದರೆ, ಮಣ್ಣು ಸಡಿಲಿಸಿ ಬಿಟ್ಟರೂ ಆದೀತು. ಬೆಳೆಯುವ ಕಾಲದಲ್ಲಿ ಅದೇ ಮುಚ್ಚಿಕೊಳ್ಳುತ್ತದೆ. ರೈ ಹುಲ್ಲಿನಂಥ ಗುಂಪು ಕಟ್ಟುವ ತಳಿಗಳು ಹಾಗೆ ಹಬ್ಬುವುದಿಲ್ಲ. ಅವುಗಳಿಗೆ ಬೀಜವೇ ಬೇಕು.

ತುಂಡು ಹಾಸಿದ ಕಡೆ ಎರಡು ವಾರ ಕೆಳಗಿನ ಮಣ್ಣಿನವರೆಗೂ ತೇವ ಇಳಿಯಬೇಕು. ನೀರು ಬೆಳಿಗ್ಗೆ ಹಾಕಿ. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಶಿಲೀಂಧ್ರ ರೋಗ ಸುಲಭವಾಗಿ ಹಿಡಿಯುತ್ತದೆ. ಅಂಚು ಹಿಡಿದು ಎಳೆದಾಗ ಬಿಗಿಯಾಗಿ ತಡೆದರೆ ಬೇರು ಇಳಿದಿದೆ ಎಂದರ್ಥ. ಆಗ ನೀರಿನ ಸಲ ಕಡಿಮೆ ಮಾಡಿ, ಹಾಕುವಾಗ ಆಳಕ್ಕೆ ಹಾಕಿ. ಮೊದಲ ಕಟಾವೂ ಆಗಲೇ. ಬ್ಲೇಡ್ ಹರಿತವಾಗಿರಲಿ, ಎಲೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಇಷ್ಟೆಲ್ಲ ಮಾಡಿದರೂ ಮರದ ಕೆಳಗಿನ ಬೋಳು ಹಾಗೇ ಉಳಿದರೆ ಅಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ನೋಡಿ. ಗರಿಕೆ ಜಾತಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಷ್ಟು ಇಲ್ಲದ ಕಡೆ ನೆರಳನ್ನು ತಾಳಿಕೊಳ್ಳುವ ತಳಿ ಹಾಕಿ, ಇಲ್ಲವೇ ಹುಲ್ಲಿನ ಆಸೆ ಬಿಟ್ಟು ನೆರಳಿನ ಗಿಡ ನೆಡಿ.