ಕರಿ ಕಂಬಳಿ, ಹುಣಸೂರು ಕಾರ್ಖಾನೆ

ಕೇಳುಗರೇ, ನಮಸ್ಕಾರ.

ನಮ್ಮ ತಾತ ಮಳವಳ್ಳಿ ಕಡೆಯವರು. ಸೋನೆಮಳೆ ಹಿಡಿದರೆ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗೆ ಹೊರಟುಬಿಡುತ್ತಿದ್ದರು. ಸಂಜೆ ವಾಪಸ್ ಬಂದಾಗ ಕಂಬಳಿ ಕಲ್ಲಿನಷ್ಟು ಭಾರ, ಕುರಿ ವಾಸನೆ ಬೇರೆ! ಒಳಗೆ ತಾತ ಮಾತ್ರ ಬೆಚ್ಚಗೆ. ಉಣ್ಣೆಯ ಗುಣವೇ ಅದು. ತನ್ನ ತೂಕದಲ್ಲಿ ನೂರಕ್ಕೆ ಸುಮಾರು 30ರಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನಿಸುವುದಿಲ್ಲ.

ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ಹಿಂಜಿ ನೂಲುತ್ತಿದ್ದರು. ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಬಿಗಿಯಾಗಲಿ ಎಂದು ಹುಣಸೆಬೀಜದ ಗಂಜಿ ಹಾಕುತ್ತಿದ್ದರು. ಬಣ್ಣದ ಗೋಜೇ ಇಲ್ಲ, ಕರಿ ಕುರಿಯ ಉಣ್ಣೆ ಕರಿದೇ ಅಲ್ವಾ? ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂದು ಎರಡು ಪಂಗಡಗಳೇ ಇವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದ ಬಂದ ಹೆಸರು. ದೇವರ ಗದ್ದುಗೆಗೂ ಕಂಬಳಿಯೇ ಹಾಸಬೇಕು.

ಇಂಗ್ಲೆಂಡಿನವರು ಇನ್ನೂ ಒಂದು ಕೈ ಮೇಲೆ. ಸತ್ತವರನ್ನು ಉಣ್ಣೆಬಟ್ಟೆಯಲ್ಲೇ ಸುತ್ತಿ ಹೂಳಬೇಕೆಂದು 1666ರಲ್ಲಿ ಕಾನೂನು ತಂದರು. ದೇಶದ ಉಣ್ಣೆ ವ್ಯಾಪಾರ ಉಳಿಯಬೇಕಿತ್ತು, ಅಷ್ಟೇ.

ಅದೇ ಇಂಗ್ಲಿಷರು ನಮ್ಮ ಹುಣಸೂರಿಗೂ ಬಂದರು. ಸೈನ್ಯಕ್ಕೆ ಸಾಮಾನು ಒದಗಿಸುವ ಇಲಾಖೆ ಅಲ್ಲಿ ಚರ್ಮ ಹದ ಮಾಡಿಸುತ್ತಿತ್ತು, ಕಂಬಳಿ ಕಾರ್ಖಾನೆಯನ್ನೂ ನಡೆಸುತ್ತಿತ್ತು. ಕಮಿಷನರ್ ಮಾರ್ಕ್ ಕಬ್ಬನ್ ಮೆರಿನೊ ಟಗರುಗಳನ್ನು ತರಿಸಿದರು. ಮೆರಿನೊ ಅಂದರೆ ನುಣುಪಾದ ಉಣ್ಣೆಯ ತಳಿ. ನಮ್ಮ ಕುರಿಯ ಉಣ್ಣೆ ಒರಟು, ಅದನ್ನು ತಿದ್ದೋಣ ಅನ್ನುವ ಲೆಕ್ಕ. 1864ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೂ ಹುಣಸೂರಿನ ಕಂಬಳಿಗೆ ಒಳ್ಳೆ ಹೆಸರಿತ್ತು. ನನ್ನನ್ನು ಕೇಳಿದರೆ ಗದ್ದೆ ಬದುವಿಗೆ ಒರಟು ಉಣ್ಣೆಯೇ ಸರಿ. ನುಣುಪಾದದ್ದನ್ನು ಹೊದ್ದು ನಾಟಿಗೆ ಯಾರು ಹೋಗುತ್ತಾರೆ?

ಈಗ ಮಂಡ್ಯದಲ್ಲಿ ಕುರಿ ಅಂದರೆ ಬಂಡೂರು ಕುರಿ. ಅದರ ಹೆಸರೆಲ್ಲ ಬಾಡಿನ ರುಚಿಗೆ. ಹೋದ ವರ್ಷ ತಾತನ ಊರಿನ ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ಉಣ್ಣೆ ಏನು ಮಾಡ್ತೀರಿ ಎಂದು ಸುಮ್ನೆ ಕೇಳಿದೆ.

"ಕತ್ತರಿಸೋನಿಗೆ ನಾನೇ ದುಡ್ಡು ಕೊಡ್ತೀನಿ ಕಣವ್ವ. ಉಣ್ಣೆ ತಿಪ್ಪೆಗೆ."

ಅವರ ಹೆಗಲ ಮೇಲೆ ಸಂತೆಯಲ್ಲಿ ಕೊಂಡ ಪಾಲಿಯೆಸ್ಟರ್ ಹೊದಿಕೆ ಇತ್ತು. ಮಳೆ ಬಂದರೆ ಎಂದೆ. ಅಜ್ಜ ಕಂಕುಳಲ್ಲಿದ್ದ ರಸಗೊಬ್ಬರದ ಖಾಲಿ ಚೀಲ ತೆಗೆದರು. ಒಂದು ಮೂಲೆಯನ್ನು ಒಳಕ್ಕೆ ಮಡಚಿ, ಥೇಟ್ ನಮ್ಮ ತಾತನ ಹಾಗೆ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನಕ್ಕರು.