ಆರ್ಕಿಡ್‌ಗೆ ಮರವೋ, ಕುಂಡವೋ?

ಕೇಳುಗರೇ, ನಮಸ್ಕಾರ. ಆರ್ಕಿಡ್ ಗಿಡವನ್ನು ಮರಕ್ಕೆ ಕಟ್ಟಬೇಕೋ, ಕುಂಡದಲ್ಲಿ ಬೆಳೆಸಬೇಕೋ ಎಂದು ಧಾರವಾಡದವರು ಕೇಳಿದರೆ ನಾನು ಒಂದು ಉತ್ತರ ಕೊಡುತ್ತೇನೆ, ಗದಗಿನವರು ಕೇಳಿದರೆ ಇನ್ನೊಂದು. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಗದಗ ಎರೆಭೂಮಿಯ ಬಯಲು. ಹೆಚ್ಚಿನ ಆರ್ಕಿಡ್‌ಗಳು ಬದುಕುವುದು ಮಣ್ಣಿನಿಂದಲ್ಲ, ಗಾಳಿಯಿಂದ. ಹಾಗಾಗಿ ಊರಿನ ಗಾಳಿಯನ್ನು ನೋಡದೆ ಉತ್ತರ ಹೇಳುವಂತಿಲ್ಲ.

ನಾವು ಮನೆಯಲ್ಲಿ ಬೆಳೆಸುವ ವಾಂಡಾ, ಡೆಂಡ್ರೋಬಿಯಂ, ಫಲನಾಪ್ಸಿಸ್ ಹೆಚ್ಚಾಗಿ ಕಾಡಿನಲ್ಲಿ ಮರದ ಮೇಲೆಯೇ ಬೆಳೆಯುವ ಜಾತಿಗಳು. ಮೇ, ಜೂನ್ ತಿಂಗಳಲ್ಲಿ ಗೊಂಚಲು ಇಳಿಬಿಡುವ ನಮ್ಮ ಸೀತಾಳೆ ದಂಡೆಯೂ ಅಂಥದ್ದೇ. ಬಂದಳಿಕೆಯ ಹಾಗೆ ಇವು ಮರದ ರಸ ಹೀರುವುದಿಲ್ಲ, ತೊಗಟೆಯನ್ನು ಆಸರೆಯಾಗಿ ಹಿಡಿದಿರುತ್ತವೆ, ಅಷ್ಟೇ. ಬಂದಳಿಕೆಯೆಂದು ತಿಳಿದು ಮಾವಿನ ಮರದಿಂದ ಸೀತಾಳೆಯನ್ನು ಕಿತ್ತೆಸೆಯುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇವುಗಳ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ಒಣಗಿದ್ದಾಗ ಬೆಳ್ಳಿಯ ಬಿಳುಪು, ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ಹಸಿರು. ಬೇರಿನ ಸುತ್ತ ಸ್ಪಂಜಿನಂಥ ಸತ್ತ ಕೋಶಗಳ ಹೊದಿಕೆಯಿದೆ. ನೀರನ್ನು ಥಟ್ಟನೆ ಹೀರಿಕೊಳ್ಳುವುದು ಅದೇ. ಆದರೆ ಅದು ಮತ್ತೆ ಒಣಗಲೇಬೇಕು. ಸದಾ ತೊಯ್ದಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮರವೋ ಕುಂಡವೋ ಎಂಬ ಪ್ರಶ್ನೆಯನ್ನು ನಾನು ಬಿಡಿಸುವುದು ಇಲ್ಲಿಂದಲೇ.

ಧಾರವಾಡದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹಿಡಿಯುವ ಜಿಟಿಜಿಟಿ ಮಳೆಗೆ ಕುಂಡದೊಳಗಿನ ತೆಂಗಿನ ಸಿಪ್ಪೆ ಆರುವುದೇ ಇಲ್ಲ. ಮರಕ್ಕೆ ಕಟ್ಟಿದ ಗಿಡದ ಬೇರು ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಆರುತ್ತದೆ. ಫಲನಾಪ್ಸಿಸ್‌ಗಂತೂ ಇನ್ನೊಂದು ಅನುಕೂಲವಿದೆ. ಕುಂಡದಲ್ಲಿ ನೆಟ್ಟಗೆ ನಿಂತಾಗ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತು ಸುಳಿಕೊಳೆ ಬರುತ್ತದೆ. ಮರದ ಮೇಲೆ ಓರೆಯಾಗಿ ಕಟ್ಟಿದರೆ ಆ ನೀರು ತಾನೇ ಜಾರಿ ಹೋಗುತ್ತದೆ.

ಫೆಬ್ರುವರಿ ಬಂತೆಂದರೆ ಲೆಕ್ಕ ತಿರುವು ಮುರುವಾಗುತ್ತದೆ. ಒಣಗಾಳಿಗೆ ಮರದ ಮೇಲಿನ ಗಿಡ ದಿನವೂ ನೀರು ಕೇಳುತ್ತದೆ, ಏಪ್ರಿಲ್‌ನಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ. ಮದುವೆಗೆಂದು ನಾಲ್ಕು ದಿನ ಊರಿಗೆ ಹೋದರೆ ಬೇರು ಸುಕ್ಕುಗಟ್ಟಿರುತ್ತದೆ. ಆದ್ದರಿಂದ ಗದಗಿನವರಿಗೆ, ಹುಬ್ಬಳ್ಳಿಯಲ್ಲಿ ಬಿಸಿಲು ಬಡಿಯುವ ಮಹಡಿಯ ಮೇಲೆ ಬೆಳೆಸುವವರಿಗೆ ಕುಂಡವೇ ಸರಿ. ಪಕ್ಕಗಳಲ್ಲೂ ತೂತಿರುವ ಮಣ್ಣಿನ ಕುಂಡ ತನ್ನಿ. ಇದ್ದಿಲು, ಇಟ್ಟಿಗೆ ಚೂರು, ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ತುಂಬಿ, ಮಣ್ಣು ಬೇಡ. ಸಿಪ್ಪೆ ಎರಡು ವರ್ಷಕ್ಕೆಲ್ಲ ಮೆತ್ತಗಾಗುತ್ತದೆ, ಆಗ ಬದಲಾಯಿಸಿ. ಕುಂಡದ ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಕೊಳವೆಬಾವಿಯ ಗಡಸು ನೀರಿನ ಉಪ್ಪು. ಮಾಳಿಗೆಯ ಮಳೆನೀರು ಹಿಡಿದಿಟ್ಟುಕೊಂಡರೆ ಗಿಡಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಮರಕ್ಕೆ ಕಟ್ಟುವವರು ಮರದ ತುಂಡಿಗೆ ಕಟ್ಟುವುದಾದರೆ ಸಾಗವಾನಿ ಬಾಳಿಕೆ ಬರುತ್ತದೆ. ಬಣ್ಣ, ವಾರ್ನಿಶ್ ಬಳಿದದ್ದು ಬೇಡ. ಪೇರಲ, ನೀಲಗಿರಿ ತೊಗಟೆ ಉದುರಿಸುವ ಮರಗಳು, ಬೇರಿಗೆ ಹಿಡಿತ ಸಿಗುವುದಿಲ್ಲ. ನನ್ನ ಮನಸ್ಸು ಮಾತ್ರ ತುಂಡಿಗಿಂತ ಬದುಕಿರುವ ಮಾವಿನ ಮರದ ಕಡೆಗೇ. ಒರಟು ತೊಗಟೆ, ವರ್ಷವಿಡೀ ನೆರಳು, ಎಲೆಗಳ ತಂಪು, ಎಲ್ಲವೂ ಅಲ್ಲಿದೆ. ಆಪೂಸಿಗೆ ಹೆಸರಾದ ಧಾರವಾಡದಲ್ಲಿ ಹಿತ್ತಲಿಗೊಂದು ಮಾವು ಸಿಗದೆ ಇರದು.

ಗಿಡವನ್ನು ನರ್ಸರಿಯಿಂದಲೇ ಕೊಳ್ಳಿ. ಅಳ್ನಾವರ, ದಾಂಡೇಲಿ ಕಾಡಿನ ಗಿಡಗಳು ಅಲ್ಲಿಯೇ ಇರಲಿ. ಬೇರಿನ ತುದಿಯಲ್ಲಿ ಹೊಸ ಹಸಿರು ಕಂಡಾಗ, ಮೃಗಶಿರಾ ಮಳೆಯ ಹೊತ್ತಿಗೆ ಕಟ್ಟಿ. ಹಳೆಯ ಸೀರೆಯ ಪಟ್ಟಿ ಸಾಕು. ಗಿಡ ಅಲುಗದಂತೆ ಬಿಗಿಯಾಗಿರಲಿ, ಅಲುಗಿದರೆ ಎಳೆಯ ಬೇರಿನ ತುದಿ ಉಜ್ಜಿ ಹೋಗುತ್ತದೆ. ಬೇರು ತೊಗಟೆಗೆ ಅಂಟಿ ಮುಂದೆ ಹರಿಯುವವರೆಗೂ ಆ ಪಟ್ಟಿ ಬಿಚ್ಚಬೇಡಿ. ನಮಸ್ಕಾರ.