ಕಾರಿನ ಲೆಕ್ಕ ಮನೆಯ ಮೀಟರಿನಲ್ಲಿದೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಹಸಿರು ನಂಬರ್ ಪ್ಲೇಟಿನ ಕಾರು, ಅಂದರೆ ಕರೆಂಟಿನಲ್ಲಿ ಓಡುವ ಕಾರು, ಕಂಡರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕೊಳ್ಳಬೇಕು ಅಂತ ಹೊರಟವರಿಗೆ ಅನುಮಾನ ಹೋಗಿಲ್ಲ. ಮಾರುವವರು ಹೇಳುವುದು ಒಂದೇ ಮಾತು: "ಕಿಲೋಮೀಟರಿಗೆ ಒಂದೇ ರೂಪಾಯಿ ಸಾರ್!" ಈ ಮಾತು ಸುಳ್ಳಲ್ಲ. ಹಾಗಂತ ಪೂರ್ತಿ ಲೆಕ್ಕವೂ ಅಲ್ಲ.

ಮೊದಲು ಪೆಟ್ರೋಲ್ ನೋಡೋಣ. ಲೀಟರಿಗೆ 103 ರೂಪಾಯಿ ಅಂತ ಹಿಡಿಯಿರಿ. ಚೌಕಿಪೇಟೆಯ ಸಂದಿ, ಪಿ.ಬಿ. ರಸ್ತೆಯ ಸಿಗ್ನಲ್ ಎಲ್ಲ ಸುತ್ತಿದರೆ ಚಿಕ್ಕ ಕಾರಿಗೂ 15 ಕಿಲೋಮೀಟರ್ ಮೈಲೇಜ್ ಸಿಕ್ಕರೆ ಪುಣ್ಯ. ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 7 ರೂಪಾಯಿ. ಹೈವೇಯಲ್ಲಿ 18 ಕೊಟ್ಟರೆ 6 ರೂಪಾಯಿಗಿಂತ ಸ್ವಲ್ಪ ಕಮ್ಮಿ.

ಇನ್ನು ಕರೆಂಟ್ ಕಾರು. ಮನೆಯ ಮೀಟರಿನಲ್ಲಿ ಒಂದು ಯೂನಿಟ್ ಓಡಿದರೆ ಚಿಕ್ಕ ಕಾರು 6 ಕಿಲೋಮೀಟರ್ ಹೋಗುತ್ತದೆ ಅಂದುಕೊಳ್ಳಿ. ಕಂಪನಿಯವರು ಇದಕ್ಕಿಂತ ಜಾಸ್ತಿ ಹೇಳುತ್ತಾರೆ. ಆದರೆ ಚಾರ್ಜ್ ಆಗುವಾಗಲೇ ನೂರಕ್ಕೆ ಹತ್ತು ಪಾಲು ಕರೆಂಟ್ ಬಿಸಿಯಾಗಿ ಹೋಗಿಬಿಡುತ್ತದೆ. ಜೊತೆಗೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಎ.ಸಿ. ಹಾಕದೆ ಕೂರುವವರು ಯಾರು? ತೆರಿಗೆ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ ದಾಟುವುದಿಲ್ಲ.

ಇಲ್ಲಿಯವರೆಗೆ ಸರಿ. ಆದರೆ ನಮ್ಮ ರಾಜ್ಯದಲ್ಲಿ ಒಂದು ವಿಶೇಷವಿದೆ, ಅದನ್ನು ಶೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಗೃಹಜ್ಯೋತಿ.

2023ರ ಜುಲೈನಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಗೆ ಇನ್ನೊಂದಿಷ್ಟು ಸೇರಿಸಿ ಅಷ್ಟು ಯೂನಿಟ್ ಪುಕ್ಕಟೆ ಕೊಡುತ್ತಾರೆ. ಅದನ್ನು ಮೀರಿದರೆ ಮೀರಿದ್ದಕ್ಕೆ ಮಾತ್ರ ದುಡ್ಡು. ಆದರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ಈಗ ತಿಂಗಳಿಗೆ 100 ಯೂನಿಟ್ ಸುಡುವ ಒಂದು ಮನೆ ತಗೊಳ್ಳಿ. ಬೆಸ್ಕಾಂ ಬಿಲ್ ಸೊನ್ನೆ. ಆ ಮನೆಗೆ ಕಾರು ಬಂತು, ತಿಂಗಳಿಗೆ 1,000 ಕಿಲೋಮೀಟರ್ ಓಡಿತು. ಕಾರಿಗೇ 167 ಯೂನಿಟ್ ಬೇಕು. ಒಟ್ಟು 267. ಸೊನ್ನೆ ಇದ್ದ ಜಾಗದಲ್ಲಿ ಕರೆಂಟಿನ ದುಡ್ಡು, ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 2,200 ರೂಪಾಯಿಯ ಆಸುಪಾಸು ಬಿಲ್ ಕೈಗೆ ಬರುತ್ತದೆ. ಕಾರು ಬರದಿದ್ದರೆ ಇದರಲ್ಲಿ ಒಂದು ಪೈಸೆಯೂ ಇರುತ್ತಿರಲಿಲ್ಲ, ಅಲ್ವಾ? ಹಾಗಾಗಿ ಅಷ್ಟೂ ಕಾರಿನ ಖರ್ಚೇ. ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ ಹೋಗಿ 2 ರೂಪಾಯಿ 20 ಪೈಸೆ ಆಯಿತು. ಪೆಟ್ರೋಲಿನ ಮುಂದೆ ಇದೂ ಅಗ್ಗವೇ. ಆದರೆ ಹೇಳಿದ್ದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು.

ಇದಕ್ಕೆ ದಾರಿಯೂ ಇದೆ. ಗಾಡಿ ಚಾರ್ಜಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳಬಹುದು. ಆಗ ಮನೆಯ ಪುಕ್ಕಟೆ ಕರೆಂಟ್ ಮನೆಗೇ ಉಳಿಯುತ್ತದೆ. ಮೀಟರಿನ ನಿಗದಿತ ಶುಲ್ಕ ಬೇರೆ ಬೀಳುತ್ತದೆ, ನಿಜ. ಎಷ್ಟು ಬೀಳುತ್ತದೆ, ಏನೇನು ಕಾಗದ ಬೇಕು ಅನ್ನುವುದನ್ನು ಕಾರು ಬುಕ್ ಮಾಡುವ ಮೊದಲೇ ಬೆಸ್ಕಾಂ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಹಾಗೇ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ತೋರಿಸಿ. ಕಾರು 15 ಆಂಪ್ಸ್ ಪ್ಲಗ್ಗಿನಿಂದ ಎಂಟೊಂಬತ್ತು ಗಂಟೆ ಒಂದೇ ಸಮನೆ ಕರೆಂಟ್ ಎಳೆಯುತ್ತದೆ. ಗೀಸರ್ ಹಾಗೆ ಹತ್ತು ನಿಮಿಷದ ಕೆಲಸವಲ್ಲ. ಹಳೇ ವೈರಿದ್ದರೆ ಪ್ಲಗ್ ಕೈಗೆ ಸುಡುತ್ತದೆ, ಸಾಕೆಟ್ಟಿನ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ದಿನವೇ ಚಾರ್ಜ್ ಮಾಡುವುದು ನಿಲ್ಲಿಸಿ.

ಊರು ಬಿಟ್ಟು ಹೊರಟಾಗ ಲೆಕ್ಕ ಬೇರೆ. ಬೆಂಗಳೂರಿಗೆ ಹೋಗಿ ಬರಲು ಸುಮಾರು 520 ಕಿಲೋಮೀಟರ್. ಪೆಟ್ರೋಲ್ ಕಾರಿಗೆ 3,000 ರೂಪಾಯಿ. ಕರೆಂಟ್ ಕಾರು ಮನೆಯಲ್ಲಿ ಫುಲ್ ಚಾರ್ಜ್ ಆಗಿ ಹೊರಟರೂ ಉಳಿದದ್ದನ್ನು ದಾರಿಯ ಫಾಸ್ಟ್ ಚಾರ್ಜರಿನಲ್ಲೇ ತುಂಬಿಸಬೇಕು. ಅಲ್ಲಿ ಯೂನಿಟ್ಟಿಗೆ 20 ರೂಪಾಯಿ, ಅದರ ಮೇಲೂ ಇರುತ್ತದೆ. ಒಟ್ಟು 1,500 ರೂಪಾಯಿಯ ಹತ್ತಿರ. ಅರ್ಧ ಉಳಿಯಿತು, ಜೊತೆಗೆ ಹಿರಿಯೂರು, ಶಿರಾ ಕಡೆ ಕಾಫಿ ಕುಡಿಯುತ್ತಾ ಒಂದಷ್ಟು ಹೊತ್ತು ಕಳೆಯಿತು. ಹೆಬ್ಬಾಳು, ಗುಯಿಲಾಳು ಟೋಲಿನಲ್ಲಿ ಮಾತ್ರ ಇಬ್ಬರೂ ಕಟ್ಟಲೇಬೇಕು.

ಸರ್ವಿಸ್ ವಿಷಯದಲ್ಲಿ ಜಾಸ್ತಿ ಹೇಳುವುದೇನಿಲ್ಲ. ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಬ್ರೇಕ್ ಕೂಡ ನಿಧಾನಕ್ಕೆ ಸವೆಯುತ್ತದೆ. ಟೈರ್ ಮಾತ್ರ ಬೇಗ ಸವೆಯಬಹುದು, ಬ್ಯಾಟರಿಯ ಭಾರ ಅಷ್ಟಿರುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಸಿಗುತ್ತದೆ. ಅದರ ಷರತ್ತುಗಳನ್ನು ಕೂತು ಓದಿ.

ಕೊನೆಗೆ ಕೊಳ್ಳುವ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿನ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿಯಿತು. ಕರೆಂಟ್ ಕಾರಿಗೆ 2019ರ ಆಗಸ್ಟಿನಿಂದಲೂ ಶೇಕಡಾ 5 ಇದೆ. ಹಾಗಾಗಿ ಬೆಲೆಯ ಅಂತರ ಮತ್ತೆ ಹಿಗ್ಗಿದೆ. ಆ ಅಂತರ 3 ಲಕ್ಷ ಅಂತ ಇಟ್ಟುಕೊಳ್ಳಿ, ಹೈವೇ ಮೈಲೇಜು, ಬೇರೆ ಮೀಟರಿನ ಲೆಕ್ಕ ಹಿಡಿದರೆ ಕಿಲೋಮೀಟರಿಗೆ ಉಳಿಯುವುದು ನಾಲ್ಕೂವರೆ ರೂಪಾಯಿ. ಅಸಲು ಹುಟ್ಟಲು ಹತ್ತಿರ ಹತ್ತಿರ 67,000 ಕಿಲೋಮೀಟರ್ ಓಡಿಸಬೇಕು. ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ಎರಡು ವರ್ಷದೊಳಗೆ ಅದು ಮುಗಿಯುತ್ತದೆ. ಅವರು ಯೋಚನೆ ಮಾಡುವುದೇ ಬೇಡ, ಬೇರೆ ಮೀಟರ್ ಹಾಕಿಸಿ ಕರೆಂಟ್ ಕಾರು ತರಲಿ. ಭಾನುವಾರ ಕೊಂಡಜ್ಜಿಗೆ, ಹಬ್ಬಕ್ಕೆ ಊರಿಗೆ ಅಂತ ತಿಂಗಳಿಗೆ 400 ಕಿಲೋಮೀಟರ್ ಓಡಿಸುವ ಮನೆಗೆ ಅಸಲು ಬರಲು ಹದಿಮೂರು ವರ್ಷ ದಾಟುತ್ತದೆ. ಅಂಥವರ ಮನೆಯಲ್ಲಿ ಪೆಟ್ರೋಲ್ ಕಾರು ಚೆನ್ನಾಗಿ ಓಡುತ್ತಿದ್ದರೆ, ನನ್ನ ಕೇಳಿದರೆ, ಅದನ್ನೇ ಇಟ್ಟುಕೊಳ್ಳಲಿ.

ನಮಸ್ಕಾರ.